ಅಕ್ಕೋರು ಎದ್ದು ಹೊರಗೆ ಬಂದ ದಿನ

ಗದಗಿನ ತರಬೇತಿಯಲ್ಲಿ ಮಧ್ಯಾಹ್ನ ಊಟಕ್ಕೆ ಬಿಟ್ಟಾಗ, ಪಕ್ಕದಲ್ಲಿದ್ದ ಮುಂಡರಗಿಯ ಹೆಣ್ಣುಮಗಳು ಬುತ್ತಿ ಬಿಚ್ಚಿದರು. ಅಗಸಿ ಚಟ್ನಿಯ ವಾಸನೆ. ಹುರಿದ ಅಗಸಿ, ಬೆಳ್ಳುಳ್ಳಿ, ಒಣಖಾರ... ನನ್ನ ತುತ್ತು ಕೈಯಲ್ಲೇ ಉಳಿಯಿತು. ಲಕ್ಷ್ಮೇಶ್ವರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕೋರು ಇದೇ ಚಟ್ನಿ ಸವರಿದ ರೊಟ್ಟಿ ಕಟ್ಟಿಕೊಂಡು ಇದೇ ತರಬೇತಿಗೆ ಬರುತ್ತಿದ್ದರು. ಪೊಲೀಸರ ಮೇಲಿನ ದೂರು ಕೇಳುವ ಜಿಲ್ಲಾ ಸಮಿತಿಗೆ ಜನರ ಪರವಾಗಿ ಅವರನ್ನು ಆರಿಸಿದ್ದರು. ಈಗ ಆ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ.

ಅಕ್ಕೋರು ಸರಕಾರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಊರಿನ ಅರ್ಧ ಮಂದಿ ಅವರ ಶಿಷ್ಯರೇ. ಸಂತೆಯಲ್ಲಿ ಅವರು ಎದುರಾದರೆ ಮೀಸೆ ನರೆತ ಗಂಡಸರೂ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡುತ್ತಿದ್ದರು. ತರಬೇತಿ ಎಂದಾಗ ಅವರಿಗೆ ಸಿಟ್ಟೇ ಬಂದಿತ್ತು.

"ಜೀವಮಾನ ಪೂರ್ತಿ ಹುಡುಗರ ಜಗಳಾ ಬಿಡಿಸೀನಿ. ನನಗೇನ ಕಲಿಸ್ತಾರ ಇವ್ರು?"

ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ಒಬ್ಬರೇ ಬಸ್ಸು ಹತ್ತುವುದು ಅವರಿಗೆ ಕಷ್ಟವಾಗಿತ್ತು. ಹಾಗಾಗಿ ಜೊತೆಗೆ ನಾನು ಹೋಗುತ್ತಿದ್ದೆ, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಪೊಲೀಸರು ಹಿಡಿದು ತಂದವನ ಮನೆಗೆ ತಿಳಿಸಲೇಬೇಕು, ದೂರು ಕೊಟ್ಟವರನ್ನು ಪೊಲೀಸರ ಎದುರು ನಿಲ್ಲಿಸಿ ಕೇಳಬಾರದು, ಒಂದು ದಿನ ಠಾಣೆಯಲ್ಲಿ ಕುಳಿತು ಅವರ ಕೆಲಸವನ್ನೂ ನೋಡಬೇಕು... ಹೀಗೆ ಪಾಠ ನಡೆಯುತ್ತಿತ್ತು. ಒಮ್ಮೆ ಅಭ್ಯಾಸಕ್ಕೆಂದು ಅಣಕು ವಿಚಾರಣೆಯೊಂದನ್ನು ಆಡಿಸಿದರು. ಪೊಲೀಸನ ಪಾತ್ರ ಮಾಡಿದವನು ಬಾಯಿ ತೆರೆಯುವ ಮೊದಲೇ ಅಕ್ಕೋರು ಅವನನ್ನು ಗದರಿಸಿಬಿಟ್ಟರು. ಕಲಿಸಲು ಬಂದಿದ್ದ ನಿವೃತ್ತ ನ್ಯಾಯಾಧೀಶರು, "ಅಕ್ಕೋರ, ಇದು ನಿಮ್ಮ ಶಾಲಿ ಅಲ್ರಿ" ಎಂದರು. ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ. ಮರಳುವ ಬಸ್ಸಿನಲ್ಲಿ, "ಖರೆ ಹೇಳಿದ್ರು ತಂಗಿ. ನಾ ಅವನ ಮಾತ ಕೇಳಲಿಲ್ಲ" ಎಂದರು. ಆಮೇಲೆ ಒಂದು ಪಾಠವನ್ನೂ ಅವರು ತಪ್ಪಿಸಲಿಲ್ಲ.

ಅವರ ಮುಂದೆ ಬಂದ ಮೊದಲ ದೂರು ಶಿಗ್ಲಿಯ ಬಳೆ ಮಾರುವ ಹೆಣ್ಣುಮಗಳದು. ಸಂತೆಯಲ್ಲಿ ಗಾಡಿ ಸರಿಸುವ ವಿಷಯಕ್ಕೆ ಮಾತು ಬೆಳೆದು, ಪೊಲೀಸನೊಬ್ಬ ಅವಳ ಗಂಡನನ್ನು ಠಾಣೆಗೆ ಒಯ್ದಿದ್ದ. ಮನೆಗೆ ತಿಳಿಸಿರಲಿಲ್ಲ. ಕಪಾಳಕ್ಕೆ ಹೊಡೆದ ಪೆಟ್ಟಿಗೆ ಗಂಡನ ಒಂದು ಕಿವಿ ಕೇಳದಂತಾಗಿತ್ತು. ಹೊಡೆದವನ ಹೆಸರನ್ನು ಅಕ್ಕೋರು ಎರಡು ಸಲ ಓದಿದರು. ಅವನು ತಾಯಿಯಿಲ್ಲದೆ ಬೆಳೆದವನು, ಅಕ್ಕೋರ ಮನೆಯಲ್ಲಿ ಉಂಡು ಓದಿದವನು. ನೌಕರಿ ಸಿಕ್ಕ ಮೇಲೂ ಪಾಳಿ ಮುಗಿಸಿ ನೇರ ಅವರ ಅಡುಗೆಮನೆಗೇ ಬರುತ್ತಿದ್ದ.

ತಮ್ಮವರ ಮೇಲೆ ದೂರು ಬಂದರೆ ಅದನ್ನು ಹೇಳಿ ಹೊರಗೆ ಹೋಗಬೇಕೆಂದು ಕಲಿಸಿದ್ದರು. ಅಕ್ಕೋರು ಹೇಳಿದರು, ಎದ್ದರು. ಬಳೆಗಾರತಿ ಬಾಗಿಲವರೆಗೂ ಅವರ ಹಿಂದೆಯೇ ಬಂದಳು.

"ನೀವು ಅದೀರಿ ಅಂತನ ಧೈರ್ಯ ಮಾಡಿ ಬಂದೀನ್ರಿ. ನೀವ ಎದ್ದು ಹೋದ್ರ ಹೆಂಗ್ರಿ?"

"ಅವ ನನ್ನ ಮಗ ಇದ್ದಂಗ ಅದಾನವ್ವ. ನಾ ಕುಂತ್ರ ನಿನಗ ಮೋಸ ಆಗ್ತೈತಿ. ಒಳಗ ಹೋಗು. ಏನಾತೋ ಅದನ್ನಷ್ಟ ಹೇಳು. ಅಂಜಬ್ಯಾಡ."

ಅಂದೂ ಜೊತೆಗೆ ಬಂದಿದ್ದ ನಾನು ಮತ್ತು ಅಕ್ಕೋರು ಹೊರಗಿನ ಬೆಂಚಿನಲ್ಲಿ ಕುಳಿತೆವು. ಸ್ವಲ್ಪ ಹೊತ್ತಿಗೆ ಆ ಪೊಲೀಸ ಬಂದ. "ಅಕ್ಕೋರ, ಒಂದ ಮಾತು ಹೇಳ್ರಿ ಅವ್ರಿಗೆ" ಎಂದು ಕಾಲಿಗೆ ಬಗ್ಗಿದ. ಅಕ್ಕೋರು ಕಾಲು ಹಿಂದಕ್ಕೆ ಎಳೆದುಕೊಂಡರು. "ಒಳಗ ಹೋಗಿ ಖರೆ ಹೇಳು" ಎಂದಷ್ಟೇ ಅಂದರು. ಅವನು ಒಳಗೆ ಹೋದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತರು.

ದೂರು ನಿಜವೆಂದು ಸಮಿತಿ ಬರೆಯಿತು. ಅವನ ಬಡ್ತಿ ನಿಂತಿತು, ದೂರದ ಠಾಣೆಗೆ ವರ್ಗವಾಯಿತು. ಹೋಗುವಾಗ ಹೇಳಿ ಹೋಗಲಿಲ್ಲ. ಮತ್ತೆ ಬರಲೂ ಇಲ್ಲ. ಪ್ರತಿ ಹಬ್ಬಕ್ಕೂ ಅಕ್ಕೋರು ಅವನ ಪಾಲಿನ ಹೋಳಿಗೆ ತೆಗೆದಿಡುತ್ತಿದ್ದರು. ಮರುದಿನ ಅದನ್ನು ನಮ್ಮ ಮನೆಗೆ ಕೊಟ್ಟು, "ಉಳದಾವು, ತಿನ್ರಿ" ಎನ್ನುತ್ತಿದ್ದರು. ಸಮಿತಿಯ ಕೆಲಸವನ್ನು ಮಾತ್ರ ಬಿಡಲಿಲ್ಲ.

ಅವರು ತೀರಿಕೊಂಡ ದಿನ ಅವನು ಬಂದಿದ್ದ. ಖಾಕಿ ಇರಲಿಲ್ಲ, ಕೂದಲು ಉದುರಿತ್ತು. ಬಾಗಿಲ ಹೊರಗೇ ನಿಂತಿದ್ದವನನ್ನು ಒಳಗೆ ಕರೆದೆ.

"ಅವರು ಒಂದ ಮಾತು ಹೇಳಿದ್ರ ಪಾರಾಗ್ತಿದ್ನಿರಿ," ಎಂದ. "ಅದಕ್ಕ ಸಿಟ್ಟಿತ್ತು. ಆಮ್ಯಾಲ ಸಿಟ್ಟು ಹೋತು, ನಾಚಿಕಿ ಉಳೀತು. ಬರಬೇಕಂದ್ರ ಕಾಲು ಬರಲಿಲ್ಲ..."

ಅವನು ಅವರ ಪಾದದ ಹತ್ತಿರ ಕುಳಿತು ಅತ್ತ.

ಊಟದ ನಂತರ ಇಂದು ಅದೇ ಪಾಠ ಬಂತು. ತಮ್ಮವರ ಮೇಲೆ ದೂರು ಬಂದರೆ ಎದ್ದು ಹೊರಗೆ ಹೋಗಬೇಕು. ಕಲಿಸುವವರು ಚೆನ್ನಾಗಿಯೇ ಹೇಳಿದರು, ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದೂ ಕೇಳಿದರು. ನನ್ನಲ್ಲೊಂದಿತ್ತು. ಹಾಗೆ ಎದ್ದು ಬಂದ ದಿನ ಸಂಜೆ, ಅವನು ದಿನಾ ಬರುತ್ತಿದ್ದ ಹೊತ್ತಿಗೆ, ಅಡುಗೆಮನೆಯಲ್ಲಿ ಒಬ್ಬರೇ ಹೇಗೆ ಕೂರಬೇಕು? ಅದನ್ನು ಅಕ್ಕೋರನ್ನೇ ಕೇಳಬೇಕಿತ್ತು. ಪಕ್ಕದ ಮನೆಯಲ್ಲೇ ಇದ್ದರು, ಅಷ್ಟು ವರ್ಷ... ಕೇಳಲಿಲ್ಲ.