ಸ್ಟ್ಯಾಂಡಿನ ಮೇಲೆ ಓಡಿದ ಬೈಕು

ಕುಕ್ಕುಂದೂರಿನ ಆಂಟನಿ ಮಥಾಯಸ್ ಹದಿನೆಂಟು ವರ್ಷ ಮಸ್ಕತ್ತಿನಲ್ಲಿ ಜನರೇಟರುಗಳನ್ನು ನೋಡಿಕೊಂಡಿದ್ದು, ಕಳೆದ ವರ್ಷ ಪೂರ್ತಿಯಾಗಿ ಊರಿಗೆ ಬಂದರು. ಬರುವಾಗ ಎರಡು ಪೆಟ್ಟಿಗೆ, ಒಂದು ಕಂಬಳಿ ಮತ್ತು ಒಂದೇ ಒಂದು ಆಸೆಯನ್ನು ತಂದಿದ್ದರು: ಹೆಂಡತಿ ಬರ್ತಾ ಬಾಯಿಯನ್ನು ಹಿಂದೆ ಕೂರಿಸಿಕೊಂಡು ತಮ್ಮ ಹಳೆಯ ಬೈಕಿನಲ್ಲಿ ಊರೂರು ತಿರುಗಬೇಕು. ಆಸೆಗೆ ಕಸ್ಟಮ್ಸಿನವರು ಸುಂಕ ಹಾಕಲಿಲ್ಲ. ಬೈಕೇ ಹಾಕಿತು.

ಅದು ಅವರು ಮಸ್ಕತ್ತಿಗೆ ಹೋಗುವ ಹಿಂದಿನ ವರ್ಷ ಕೊಂಡ ಕಪ್ಪು ಬೈಕು. ಮೀಟರಿನಲ್ಲಿ ಒಂಬತ್ತು ಸಾವಿರ ಕಿಲೋಮೀಟರೂ ದಾಟಿರಲಿಲ್ಲ, ಮೈಮೇಲೆ ಒಂದು ಗೀರಿಲ್ಲ. ಆದರೆ ಏರು ಕಂಡರೆ ಸಾಕು, ಮುದುಕರು ಆಸ್ಪತ್ರೆಯ ಮೆಟ್ಟಿಲು ನೋಡಿದಂತೆ ನೋಡುತ್ತಿತ್ತು. ಒಮ್ಮೆ ಒಂದು ಬಸವನಹುಳು ಅದನ್ನು ಹಿಂದೆ ಹಾಕಿ ಮೇಲೆ ಹೋಗಿ ಕಾದಿತ್ತು ಎಂದು ಹೇಳುವವರಿದ್ದಾರೆ. ನಾನು ಹುಳುವನ್ನು ಮಾತ್ರ ಕಂಡಿದ್ದೇನೆ. ಎಣ್ಣೆಯನ್ನಂತೂ ಮದುವೆ ಮನೆಯ ಬಾಣಲೆಯ ಹಾಗೆ ಕುಡಿಯುತ್ತಿತ್ತು. ಹಿಂದಿನಿಂದ ಹೊರಡುವ ನೀಲಿ ಹೊಗೆ ಗದ್ದೆಗಳ ಮೇಲೆ ಮೆಲ್ಲಗೆ ಹರಡಿ, ಅದರಲ್ಲಿ ಸಿಕ್ಕಿಕೊಂಡ ಬೆಳ್ಳಕ್ಕಿಯೊಂದು ಮೂರು ದಿನ ನೀಲಿಯಾಗಿಯೇ ಉಳಿಯಿತಂತೆ.

ಪ್ರತಿ ಏರಿನಲ್ಲೂ ಬರ್ತಾ ಬಾಯಿ ಇಳಿದು ನಡೆಯಬೇಕಿತ್ತು. ಐದನೆಯ ಸಲ ಇಳಿದವರು ಸೆರಗು ಬಿಗಿದು ಹೇಳಿದರು:

"ಇನ್ನೊಂದು ಸಲ ಇಳಿಸಿದರೆ ನಾನು ಬಸ್ಸಿಗೇ. ಮತ್ತೆ ನಿಮ್ಮ ಹಿಂದೆ ಕೂರುವುದೇ ಇಲ್ಲ."

"ಸ್ವಲ್ಪ ನಿಧಾನ ಉಂಟು, ಅಷ್ಟೇ ಅಲ್ವಾ?"

"ಸ್ವಲ್ಪವಾ? ನೀವು ಮೇಲೆ ಮುಟ್ಟುವಾಗ ನನ್ನ ಒಂದು ಜಪಸರ ಮುಗಿದಿತ್ತು."

ಬರ್ತಾ ಬಾಯಿ ಹೇಳಿದ್ದನ್ನು ಮಾಡುವವರು. ಆಂಟನಿ ಮರುದಿನವೇ ಬೈಕನ್ನು ಹಿರಿಯಡ್ಕದಲ್ಲಿರುವ ವಿಠಲನ ಗ್ಯಾರೇಜಿಗೆ ತಂದರು. ಬರ್ತಾ ಬಾಯಿಯೂ ಬಂದರು, ಬಸ್ಸಿನಲ್ಲಿ.

ವಿಠಲ ಇಂಜಿನ್ ಬಿಚ್ಚುವ ಅವಸರದವನಲ್ಲ. ಹೊಟ್ಟೆನೋವು ಎಂದವನ ಹೊಟ್ಟೆಯನ್ನು ಕೂಡಲೇ ಸೀಳುತ್ತಾರಾ ಎಂದು ಕೇಳುವವನು. ಎಣ್ಣೆ ಸೋರುತ್ತದೆಯೇ ಎಂದು ಕೆಳಗೆ ಪೇಪರ್ ಹಾಸಿದ. ಒಂದು ಹನಿಯೂ ಬೀಳಲಿಲ್ಲ. ರಸ್ತೆಯಲ್ಲಿ ಓಡಿಸಿದ. ಇಳಿಜಾರು ಮುಗಿದ ಮೇಲೆ ಒಮ್ಮೆ ಹೊಗೆಯುಗುಳಿ ಸುಮ್ಮನಾದರೆ ವಾಲ್ವಿನ ಕಡೆಯ ದೋಷ. ಇದು ಆಕ್ಸಿಲರೇಟರ್ ತಿರುಗಿಸಿದಷ್ಟು ಹೊತ್ತೂ ಉಗುಳುತ್ತಿತ್ತು. ಕೊನೆಗೆ ಪ್ಲಗ್ ಬಿಚ್ಚಿ, ಆ ತೂತಿಗೆ ಒಳಗಿನ ಒತ್ತಡ ಅಳೆಯುವ ಮೀಟರ್ ಸಿಕ್ಕಿಸಿ ಕಿಕ್ ಹೊಡೆದ. ಕಂಪ್ರೆಷನ್ ಇರಬೇಕಾದ್ದರ ಅರ್ಧ. ಒಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಹೊಡೆದ. ಮೀಟರಿನ ಮುಳ್ಳು ನಿದ್ದೆಯಿಂದೆದ್ದಂತೆ ಮೇಲೇರಿತು.

"ವಾಲ್ವ್ ಸರಿ ಉಂಟು ಪೊರ್ಬುಗಳೇ," ಎಂದ, ಆ ಕಡೆ ಕ್ರೈಸ್ತ ಯಜಮಾನರನ್ನು ಕರೆಯುವಂತೆ. "ಪಿಸ್ಟನಿನ ರಿಂಗುಗಳ ಹತ್ತಿರ ಸಂದು ಬಿಟ್ಟಿದೆ. ನಾನು ಹಾಕಿದ ಎಣ್ಣೆ ಅದನ್ನು ಮುಚ್ಚಿತು, ಮುಳ್ಳು ಏರಿತು. ಎಣ್ಣೆ ಮೇಲೆ ಹೋಗಿ ಉರಿಯುವುದೂ ಅಲ್ಲೇ, ಶಕ್ತಿ ಕೆಳಗೆ ಸೋರುವುದೂ ಅಲ್ಲೇ. ಆದರೆ ಒಂಬತ್ತು ಸಾವಿರ ಓಡಿದ ಗಾಡಿಗೆ ಲಕ್ಷ ಓಡಿದ ಕೆಮ್ಮು ಎಲ್ಲಿಂದ ಬಂತು ಮಾರಾಯ್ರೆ? ಇಷ್ಟು ವರ್ಷ ಇದನ್ನು ಯಾರು ನೋಡಿಕೊಂಡದ್ದು?"

"ನಾನು," ಬರ್ತಾ ಬಾಯಿ ಬೆನ್ನು ನೆಟ್ಟಗೆ ಮಾಡಿದರು. "ಪ್ರತಿ ಶುಕ್ರವಾರ ಕಾಲು ಗಂಟೆ ಸ್ಟಾರ್ಟ್ ಮಾಡಿ ಇಟ್ಟಿದ್ದೇನೆ. ಒಂದು ವಾರವೂ ತಪ್ಪಿಸಲಿಲ್ಲ."

ಶುಕ್ರವಾರ ಮಸ್ಕತ್ತಿನಲ್ಲಿ ಆಂಟನಿಗೆ ರಜೆ. ಸಂಜೆ ನಾಲ್ಕೂವರೆಗೆ ಬರ್ತಾ ಬಾಯಿ ಅಂಗಳದಲ್ಲಿ ಬೈಕನ್ನು ಸ್ಟ್ಯಾಂಡಿಗೆ ಏರಿಸಿ, ಕಿಕ್ ಹೊಡೆದು, ಫೋನನ್ನು ಇಂಜಿನಿನ ಹತ್ತಿರ ಹಿಡಿಯುತ್ತಿದ್ದರು. ಸಮುದ್ರದಾಚೆ, ಎಂಟು ಜನರ ಕೋಣೆಯಲ್ಲಿ, ಆಂಟನಿ ಕಣ್ಣು ಮುಚ್ಚುತ್ತಿದ್ದರು. ಮಂಚ ಮೆಲ್ಲಗೆ ಕದಲುತ್ತಿತ್ತು. ಕಿಟಕಿಯಾಚೆಯ ಬೋಳುಗುಡ್ಡಗಳ ಮೇಲೆ ಹುಲ್ಲು ಹುಟ್ಟುತ್ತಿತ್ತು, ಕಾಪು ಕಡಲತೀರದ ಉಪ್ಪುಗಾಳಿ ಒಳಗೆ ಬರುತ್ತಿತ್ತು. ಉಳಿದ ಏಳು ಮಂದಿಯೂ ಆ ಸದ್ದಿನ ಹಿಂದೆ ಹತ್ತಿ ಕೂತು, ತಮ್ಮ ತಮ್ಮ ಊರಿನ ತಿರುವಿನಲ್ಲಿ ಇಳಿದುಕೊಳ್ಳುತ್ತಿದ್ದರು. ಹೀಗೆ ಆ ಬೈಕು ನಿಂತಲ್ಲೇ ಒಂಬೈನೂರು ಸಲ ಮಸ್ಕತ್ತಿಗೆ ಹೋಗಿ ಬಂದಿತ್ತು.

ವಿಠಲ ಸ್ಪ್ಯಾನರ್ ಒರೆಸತೊಡಗಿದ. ಅದು ಆಗಲೇ ಸ್ವಚ್ಛವಾಗಿತ್ತು. ಭಾರವಿಲ್ಲದೆ, ಅರೆಬಿಸಿಯಲ್ಲಿ ಸುಮ್ಮನೆ ಗುನುಗುವ ಇಂಜಿನಿನೊಳಗೆ ಮಸಿಯೂ ಅಂಟೂ ಕಟ್ಟಿ, ರಿಂಗುಗಳು ಕೂತಲ್ಲೇ ಸಿಕ್ಕಿಬೀಳುತ್ತವೆ. ಬರ್ತಾ ಬಾಯಿಯ ಮುಖ ನೋಡಿಕೊಂಡು ಅದನ್ನು ಹೇಳುವುದು ಹೇಗೆ?

ಹೇಳಿದ್ದು ಆಂಟನಿ. "ನಿಲ್ಲಿಸಿಯೇ ಓಡಿಸಿದ್ದರಿಂದ ರಿಂಗ್ ಅಂಟಿದ್ದು, ಬರ್ತಾ. ಭಾರ ಕೊಡದಿದ್ದರೆ ಜನರೇಟರಿಗೂ ಇದೇ ರೋಗ. ಅಲ್ಲಿ ಮೊದಲ ವಾರವೇ ಕಲಿಸಿದ್ದರು."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬೇಡ ಎಂದು ಯಾಕೆ ಹೇಳಲಿಲ್ಲ?"

ಆಂಟನಿ ಸೀಟಿನ ಮೇಲೆ ಇಲ್ಲದ ಧೂಳನ್ನು ಒರೆಸಿದರು. "ಹೇಳಿದ್ದರೆ ಶುಕ್ರವಾರ ನನಗೆ ಎಂತ ಉಂಟು?"

ಬರ್ತಾ ಬಾಯಿ ಬೇರೆ ಕಡೆ ತಿರುಗಿ ನಿಂತರು. ಎಷ್ಟು ಹೊತ್ತೆಂದರೆ, ಅಷ್ಟರಲ್ಲಿ ಎದುರಿನ ಅಂಗಡಿಯ ಬಾಳೆಗೊನೆ ಕಾಯಿಯಾಗಿದ್ದದ್ದು ಹಣ್ಣಾಯಿತು.

"ಬಿಚ್ಚುವ ಮೊದಲು ಒಂದು ಮದ್ದು ಮಾಡಿ ನೋಡುವ," ಎಂದ ವಿಠಲ. "ಹೊಸ ಎಣ್ಣೆ ಹಾಕಿ ಕೊಡ್ತೇನೆ. ಚೆನ್ನಾಗಿ ಬಿಸಿ ಮಾಡಿ, ಭಾರ ಹಾಕಿ, ಏರು ಹತ್ತಿಸಿ. ಐನೂರು ಕಿಲೋಮೀಟರ್. ದಿನಾ ಎಣ್ಣೆ ನೋಡಿ, ಇಳಿದಷ್ಟು ತುಂಬಿಸಿ. ರಿಂಗ್ ಬಿಟ್ಟುಕೊಂಡರೆ ಬಚಾವ್, ಇಲ್ಲದಿದ್ದರೆ ಬಿಚ್ಚುವ."

"ಭಾರಕ್ಕೆ ಎಂತ ಹಾಕುವುದು? ಅಕ್ಕಿಮೂಟೆಯಾ?" ಕೇಳಿದರು ಆಂಟನಿ.

ವಿಠಲ ಬರ್ತಾ ಬಾಯಿಯ ಕಡೆ ನೋಡಿ, ಬೇಗನೆ ಆಕಾಶದ ಕಡೆ ನೋಡಿದ.

"ನೋಡಿದ್ದು ಸಾಕು," ಎಂದರು ಬರ್ತಾ ಬಾಯಿ. "ಕೂರ್ತೇನೆ. ಆದರೆ ಇಳಿಯುವುದಿಲ್ಲ. ಇಳಿಸಿದ ದಿನದಿಂದ ಬಸ್ಸು."

ಮೊದಲ ವಾರ ಸಣ್ಣ ಏರುಗಳಲ್ಲೂ ಒಂದನೇ ಗೇರಿನಲ್ಲೇ ತೆವಳಿದರು. ಕಾಪುವಿಗೆ ಹೋದ ದಿನ ಹೊಗೆಯಲ್ಲಿ ದೀಪಸ್ತಂಭವೇ ಮರೆಯಾಗಿ, ಮೀನಿನ ದೋಣಿಗಳು ದಾರಿ ತಪ್ಪಿ ಗೋವಾ ಮುಟ್ಟಿದವಂತೆ. ಎರಡನೆಯ ವಾರ ಹೊಗೆ ಒಲೆಯಷ್ಟಾಯಿತು, ಮೂರನೆಯ ವಾರ ಊದುಬತ್ತಿಯಷ್ಟು. ಐನೂರು ಕಿಲೋಮೀಟರ್ ಮುಗಿಯುವ ದಿನ ಆಂಟನಿ, ಅಲ್ಲಿಯವರೆಗೆ ತಪ್ಪಿಸಿಕೊಂಡೇ ಬಂದಿದ್ದ ಮಣಿಪಾಲದ ಏರಿಗೆ ಉಡುಪಿ ಕಡೆಯಿಂದ ಬೈಕು ತಿರುಗಿಸಿದರು.

ಅರ್ಧ ಏರಿನಲ್ಲಿ ಇಂಜಿನ್ ಸೋಲತೊಡಗಿತು. ಮೂರನೇ ಗೇರಿನಲ್ಲೇ ಏರಿಸುತ್ತೇನೆಂಬ ಹಟದಲ್ಲಿ ಆಂಟನಿ ಹಲ್ಲು ಕಚ್ಚಿದ್ದರು. ಕಾಲು ನೆಲದ ಕಡೆ ಇಳಿಯುತ್ತಿತ್ತು.

"ಎರಡಕ್ಕೆ ಹಾಕಿ," ಹಿಂದಿನಿಂದ ಬರ್ತಾ ಬಾಯಿ. "ದಮ್ಮು ಉಂಟು ಅದಕ್ಕೆ. ದನಿ ನನಗೆ ಗೊತ್ತಿಲ್ಲವಾ?"

ಆಂಟನಿ ಎರಡಕ್ಕೆ ಹಾಕಿದರು. ಬೈಕು ಒಮ್ಮೆ ನಡುಗಿ, ಉಸಿರು ಎಳೆದುಕೊಂಡು, ಇಬ್ಬರನ್ನೂ ಹೊತ್ತು ನಿಧಾನವಾಗಿ ಮೇಲೇರಿತು. ಕೆಳಗೆ ಉಳಿದ ಊರು ಬಿಸಿಲಿನಲ್ಲಿ ತೇಲುತ್ತಿತ್ತು.

ಮೇಲೆ ಹೋಟೆಲೊಂದರ ಮುಂದೆ ಬೈಕು ನಿಲ್ಲಿಸಿ ಆಂಟನಿ ಹೇಳಿದರು, "ಇಳಿ, ಚಹಾ ಕುಡಿಯುವ."

"ಇಳಿಯುವುದಿಲ್ಲ ಎಂದಿದ್ದೇನಲ್ಲ," ಎಂದರು ಬರ್ತಾ ಬಾಯಿ. "ಇಲ್ಲಿಗೇ ತನ್ನಿ."