ಬಾಮೈದನ ಕೇಸು

ನನ್ನ ಗಂಡ ಮಹಾಲಿಂಗಯ್ಯನವರು ಕುಣಿಗಲ್ ಕೋರ್ಟಿನಲ್ಲಿ ಸರ್ಕಾರಿ ವಕೀಲರಾಗಿದ್ದರು. ಲಂಚ ಮುಟ್ಟಿದವರಲ್ಲ, ಅದನ್ನು ಯಾರೆದುರಿಗೆ ಬೇಕಾದರೂ ಹೇಳುತ್ತೇನೆ. ಯಾರಾದರೂ ಒಂದು ಗೊನೆ ಎಳನೀರು ತಂದರೂ ಬಾಗಿಲಿನಿಂದಲೇ ವಾಪಸ್ಸು. ಊರೆಲ್ಲ ಹೊಗಳುತ್ತಿತ್ತು. ಆ ಹಾಳು ಹೊಗಳಿಕೆಯೇ ನಮ್ಮನ್ನು ಕೆಡಿಸಿತು.

ಎಪ್ಪತ್ತೊಂಬತ್ತರ ಯುಗಾದಿ. ನಮ್ಮ ಕಡೆ ಯುಗಾದಿಗೆ ಇಸ್ಪೀಟು ಆಡದ ಊರಿಲ್ಲ, ಅವತ್ತು ಪೊಲೀಸರೂ ನೋಡಿಯೂ ನೋಡದ ಹಾಗೆ ಹೋಗುತ್ತಾರೆ. ಆ ವರ್ಷ ಯಾವ ಸಾಹೇಬರಿಗೆ ಅದೇನು ಬಂದಿತ್ತೋ, ಅಮೃತೂರಿನ ಕೊಬ್ಬರಿ ಗೋಡೌನಿನ ಮೇಲೆ ದಾಳಿ ಮಾಡಿಸಿದರು. ಸಿಕ್ಕಿಬಿದ್ದವರಲ್ಲಿ ನನ್ನ ತಮ್ಮ ಚನ್ನವೀರಯ್ಯನೂ ಇದ್ದ. ಅಲ್ಲಿಯ ಶಾಲೆಯಲ್ಲಿ ಮೇಷ್ಟ್ರು. ಅವನು ಆಡಲು ಹೋಗಿರಲಿಲ್ಲ. ಒಬ್ಬಟ್ಟು ಆರುತ್ತಿದೆ, ಬನ್ನಿ ಎಂದು ಹೆಂಡತಿಯ ತಂದೆಯನ್ನು ಊಟಕ್ಕೆ ಕರೆಯಲು ಹೋಗಿದ್ದ.

ಮಿಕ್ಕವರೆಲ್ಲ ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ಮಧ್ಯಾಹ್ನದ ಬಸ್ಸು ಹತ್ತಿದರು. ಇವನು ಒಪ್ಪಿಕೊಂಡರೆ ಮೇಷ್ಟ್ರ ಕೆಲಸಕ್ಕೇ ಸಂಚಕಾರ. "ಮಾಡ್ದೇ ಇರೋದನ್ನ ಮಾಡ್ದೆ ಅಂತ ಹೆಂಗ್ ಹೇಳ್ಲಕ್ಕ?" ಅಂದ. ಕೇಸು ನಡೆಯಿತು.

ಸರ್ಕಾರದ ಪರ ವಾದಿಸಬೇಕಾದವರು ನನ್ನ ಯಜಮಾನರೇ! ತುಮಕೂರಿನಲ್ಲಿದ್ದ ಅವರ ಮೇಲಧಿಕಾರಿ ಆಂಜನಪ್ಪನವರು ಕರೆದು ಬುದ್ಧಿ ಹೇಳಿದ್ದರು. "ಆರೋಪಿ ನಿಮ್ಮ ಬಾಮೈದ ಕಣ್ರೀ. ಹಂಗಂತ ಬರ್ದುಕೊಟ್ಟು ಫೈಲು ಕೈಬಿಡಿ. ಗುಬ್ಬಿಯಿಂದ ಬೇರೆಯವ್ರು ಬರ್ತಾರೆ. ರೂಲ್ಸೇ ಅದು."

ಇವರು ಕೇಳಬೇಕಲ್ಲ! ನಾನು ಕಾಲು ಹಿಡಿದುಕೊಂಡು ಬೇಡಿದೆ.

"ಈಗ ಕೈಬಿಟ್ರೆ ಬಾಮೈದನ್ನ ಉಳಿಸೋಕೆ ಸೈಡಿಗೆ ಸರ್ಕೊಂಡ ಅಂತಾರೆ ಕಣೇ. ನಾನೇ ನಡೆಸ್ತೀನಿ. ಮಹಾಲಿಂಗಯ್ಯನಿಗೆ ತನ್ನವರು, ಬೇರೆಯವರು ಅಂತಿಲ್ಲ ಅನ್ನೋದು ಎಲ್ರಿಗೂ ಗೊತ್ತಾಗ್ಲಿ."

ಈ ಸಂಬಂಧ ಊರಿಗೆಲ್ಲ ಗೊತ್ತಿತ್ತು, ಹೊಸದಾಗಿ ಬಂದಿದ್ದ ಮ್ಯಾಜಿಸ್ಟ್ರೇಟರಿಗೆ ಮಾತ್ರ ಗೊತ್ತಿರಲಿಲ್ಲ. ನನ್ನ ತಮ್ಮನಾದರೂ ಹೇಳಿಸಬಹುದಿತ್ತು. ಆ ಪೆದ್ದ ತನ್ನ ವಕೀಲರ ಬಾಯಿಯನ್ನೂ ಮುಚ್ಚಿಸಿದ್ದ. "ನಮ್ಮ ಭಾವ ನಂಗೆ ಅನ್ಯಾಯ ಮಾಡಲ್ಲ ಬುಡಿ" ಅಂದಿದ್ದನಂತೆ.

ಅವತ್ತು ಗೋಡೌನಿನಲ್ಲಿದ್ದ ಕೊಬ್ಬರಿ ವ್ಯಾಪಾರಿ ಅಹಮದ್ ಪಾಷಾ ಬಂದು, ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು, ಎಲೆ ಮುಟ್ಟಲಿಲ್ಲ ಎಂದು ಸಾಕ್ಷಿ ಹೇಳಿದರು. ಆಮೇಲೆ ತಮ್ಮ ತಾನೇ ಕಟಕಟೆ ಹತ್ತಿ ಅದನ್ನೇ ಹೇಳಿದ. ಯಜಮಾನರು ಎದ್ದು ನಿಂತರು.

"ಏನ್ ಮೇಷ್ಟ್ರೇ, ಇಸ್ಪೀಟು ಅಂದ್ರೇನು ಅಂತಾನೇ ಗೊತ್ತಿಲ್ದೋರ ಹಂಗೆ ಮಾತಾಡ್ತೀರಲ್ಲ. ಹೋದ ವರ್ಷದ ಯುಗಾದೀಲಿ ನಿಮ್ಮಕ್ಕನ ಮನೇಲಿ ಕಾಸು ಇಟ್ಟು ಆಡಿದ್ರೋ ಇಲ್ವೋ?"

ನಾನು ಹಿಂದಿನ ಬೆಂಚಿನಲ್ಲೇ ಕೂತಿದ್ದೆ. ಆಡಿದ್ದು ನಿಜ. ಕಾಫಿ ಕೊಟ್ಟವಳು ನಾನೇ. ಎದುರಿಗೆ ಕೂತು ಆಡಿದ್ದವರು ಈ ಮಹಾನುಭಾವರೇ!

ತಮ್ಮ ಅವರ ಮುಖವನ್ನೇ ನೋಡಿದ. "ಆಡಿದ್ದೆ ಸ್ವಾಮಿ" ಅಂದ. ಯಾರ ಜೊತೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಾಸು ಇಟ್ಟು ಆಡುವವನೇ ಎಂದಾದ ಮೇಲೆ ಪಾಷಾ ಸಾಹೇಬರ ಸಾಕ್ಷಿಯೂ ನೀರಿಗೆ ಬಿತ್ತು.

ಶಿಕ್ಷೆಯಾಯಿತು, ಕೆಲಸ ಹೋಯಿತು. ಕೋರ್ಟಿನವರೆಲ್ಲ ಯಜಮಾನರ ಕೈಕುಲುಕಿದರು.

ಕೆಲವು ತಿಂಗಳಾದ ಮೇಲೆ ತಮ್ಮನನ್ನು ನೋಡಲು ತುಮಕೂರಿನ ಬಟವಾಡಿಗೆ ಹೋದೆ. ಒಂದು ಮಂಡಿಯಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದ. ಸೀಮೆಸುಣ್ಣ ಹಿಡಿಯುತ್ತಿದ್ದ ಕೈ ಕಂಡು ಅಲ್ಲೇ ಅತ್ತುಬಿಟ್ಟೆ.

"ಯಾಕೋ ಬಾಯಿ ಬಿಡ್ಲಿಲ್ಲ? ಇವ್ರ ಜೊತೇಲೇ ಆಡಿದ್ದು ಅನ್ನಬಾರ್ದಿತ್ತೇನೋ?"

"ಅಂದಿದ್ರೆ ಭಾವನ ಕೆಲ್ಸಾನೂ ಹೋಗ್ತಿತ್ತಲ್ಲಕ್ಕ. ಪಾಪ, ಗೋಡೌನಲ್ಲೂ ನಾನು ನಿಜವಾಗ್ಲೂ ಆಡಿದೀನಿ ಅಂತ್ಲೇ ತಿಳ್ಕೊಂಡ್ರೇನೋ. ಹೋಗ್ಲಿ ಬುಡು."

ಮನೆಗೆ ಬಂದು ಆ ಮಾತನ್ನು ಯಜಮಾನರಿಗೆ ಹಾಗೆಯೇ ಒಪ್ಪಿಸಿದೆ. ಅವರು ಓದುತ್ತಿದ್ದ ಫೈಲು ಮುಚ್ಚಿಟ್ಟರು.

"ಅವ್ನು ಆಡಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣೇ" ಅಂದರು.

ಇದನ್ನು ತಮ್ಮನಿಗೆ ಹೇಳಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.