ರಿವೀಟಿನ ಮೇಲೆ ಹೊರಿಸಿದ ತಪ್ಪು

ಮಧ್ಯಾಹ್ನ ಮೂರೂಕಾಲಿಗೆ ಗಿರಣಿಯ ಬೆಲ್ಟಿನ ಸದ್ದು ಬದಲಾಯಿತು. ಗೋಡೆ ಗಡಿಯಾರ ನನ್ನ ಕಣ್ಣೆದುರೇ ಇತ್ತು, ಹಾಗಾಗಿ ಗಂಟೆ ಮರೆತಿಲ್ಲ. ಮರೆತರೆ ಸಾಕು ಅಂದುಕೊಂಡ ಸಂಗತಿಗಳಲ್ಲಿ ಅದೂ ಒಂದು... ಕಳೆದ ತಿಂಗಳು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಲು ನಿಂತಿದ್ದೆ. ಪಕ್ಕದ ಗಿರಾಕಿಯೊಬ್ಬ ಮಡಚುವ ಚಾಕು ಕೇಳಿ ತೆಗೆಸಿಕೊಂಡ. ಅದನ್ನು ಬಿಡಿಸಿ, ಅಲಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ ನೋಡಿದ. ಹೊಸ ಉಕ್ಕಿಗೆ ಬಳಿದ ಎಣ್ಣೆಯ ವಾಸನೆ ಬಂತು. ನಾನು ಗ್ಯಾಸ್ಕೆಟ್ ಅಲ್ಲೇ ಬಿಟ್ಟು ಹೊರಗೆ ಬಂದೆ.

ಎದುರುಮನೆ ಮಾಮ ಚಾಕು ಪರೀಕ್ಷಿಸುತ್ತಿದ್ದುದೂ ಹಾಗೆಯೇ.

ತೊಂಬತ್ತರ ದಶಕದ ನಡುವಿನ ಮಾತು. ಭದ್ರಾವತಿಯಲ್ಲಿ ನಮ್ಮದು ಕಾರ್ಖಾನೆಯ ಕ್ವಾರ್ಟರ್ಸು. ಒಂದು ಸಾಲಿನ ಬಾಗಿಲು ಇನ್ನೊಂದು ಸಾಲಿನ ಬಾಗಿಲನ್ನು ನೋಡುವ ಹಾಗಿದ್ದ ಮನೆಗಳು. ಮಾಮ ಕಾರ್ಖಾನೆಯಲ್ಲಿ ಫಿಟ್ಟರ್. ಅವರಿಗೂ ಅವರ ಹೆಂಡತಿ ಅತ್ತೆಗೂ ಮಕ್ಕಳಿರಲಿಲ್ಲ. ನಾನು ಬಿ.ಎಸ್ಸಿ. ಓದಲು ದಿನಾ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆ ಬಂದವಳು ನಮ್ಮ ಮನೆಗಿಂತ ಮೊದಲು ಅವರ ಮನೆಗೆ ನುಗ್ಗುತ್ತಿದ್ದೆ. ಮಾಮ ನನ್ನನ್ನು ಹೆಸರು ಹಿಡಿದು ಕರೆದದ್ದೇ ನೆನಪಿಲ್ಲ. "ಏ ಕಾಲೇಜು, ಬಂದ್ಯಾ" ಅನ್ನುತ್ತಿದ್ದರು.

ಅವರ ಶರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ಮಡಚುವ ಚಾಕು. ಕೊಂಬಿನ ಹಿಡಿ, ಬೆರಳುದ್ದದ ಅಲಗು. ಪೂರ್ತಿ ಬಿಡಿಸಿದರೆ ಹಿಡಿಯ ಬೆನ್ನಿನಲ್ಲಿದ್ದ ಪಟ್ಟಿಯೊಂದು ಅಲಗಿನ ಬುಡದಲ್ಲಿ ಕೊರೆದ ಕಚ್ಚಿಗೆ 'ಕಟ್' ಎಂದು ಬಿದ್ದು ಬೀಗ ಹಾಕಿಕೊಳ್ಳುತ್ತಿತ್ತು. ಆಮೇಲೆ ಆ ಪಟ್ಟಿ ಒತ್ತದೆ ಅಲಗು ಮಡಚುತ್ತಿರಲಿಲ್ಲ. ಕಬ್ಬು ಸುಲಿಯಲು, ಹಗ್ಗ ಕೊಯ್ಯಲು, ಪೆನ್ಸಿಲ್ ಚೂಪು ಮಾಡಲು ಅದೇ ಚಾಕು.

ಆ ವರ್ಷ ದಸರೆಗೆ ಮೊದಲು ಅದು ಸಡಿಲಾಯಿತು. ಮಾಮ ಜಗಲಿಯಲ್ಲಿ ಕೂತು ರಿಪೇರಿಗೆ ಇಳಿದರು. ನನಗೆ ಬೇಕೋ ಬೇಡವೋ, ಪಾಠವೂ ಆಯಿತು. ಅಲಗು ಪಕ್ಕಕ್ಕೆ ಅಲ್ಲಾಡಿದರೆ ತಪ್ಪು ಅದನ್ನು ಹಿಡಿಗೆ ಸೇರಿಸುವ ರಿವೀಟಿನದು. ಎರಡೂ ಕಡೆ ಮೆಲ್ಲಗೆ ಬಡಿದು ಬಿಗಿ ಮಾಡಬೇಕು, ಜಾಸ್ತಿ ಬಡಿದರೆ ಚಾಕು ಬಿಚ್ಚುವುದೇ ಇಲ್ಲ. ಆದರೆ ಮೇಲೆ ಕೆಳಗೆ ಅಲ್ಲಾಡಿದರೆ ರಿವೀಟನ್ನು ಮುಟ್ಟಬಾರದು. ಬೀಗದ ಪಟ್ಟಿ ಕಚ್ಚಿನೊಳಗೆ ಪೂರ್ತಿ ಕೂರುತ್ತಿಲ್ಲ ಅಂತ ಅರ್ಥ. ಕಚ್ಚು ಸವೆದಿರುತ್ತೆ, ಇಲ್ಲ ಅದರಲ್ಲಿ ಏನೋ ಸೇರಿಕೊಂಡಿರುತ್ತೆ. "ಮೊದಲು ಕಸ ತೆಗಿ, ಆಮೇಲೆ ಸುತ್ತಿಗೆ ಹಿಡಿ" ಅಂದರು. ಅವರ ಚಾಕುವಿನದು ಪಕ್ಕದ ಅಲ್ಲಾಟ ಮಾತ್ರ. ನಾಲ್ಕು ಏಟು ಹಾಕಿ, ಎಣ್ಣೆ ಬಿಟ್ಟು, ಬಿಡಿಸಿ ಮಡಚಿ, ಮತ್ತೆ ಎರಡು ಏಟು ಹಾಕಿದರು. ಕೊನೆಗೆ ಅಲಗು ಕೂದಲೆಳೆಯಷ್ಟೂ ಅಲುಗದೆ ನಿಂತಾಗ ಅದನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟರು. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ.

ಒಳಗಿಂದ ಅತ್ತೆ ಕೂಗಿ ಹೇಳಿದರು: "ಬಚ್ಚಲ ಬಾಗಿಲಿನ ಚಿಲಕ ಆರು ತಿಂಗಳಿಂದ ಅಲ್ಲಾಡ್ತಿದೆ. ಅದಕ್ಕಿಲ್ಲದ ಉಪಚಾರ ನೋಡೇ ಆ ಚಾಕುಗೆ."

ಆಯುಧಪೂಜೆಯ ದಿನ ಅತ್ತೆ ಮಣೆಯ ಮೇಲೆ ಮಾಮನ ಸ್ಪ್ಯಾನರು, ಅರ, ಸುತ್ತಿಗೆ, ಜೊತೆಗೆ ನನ್ನ ಕ್ಯಾಲ್ಕುಲೇಟರನ್ನೂ ಸಾಲಾಗಿ ಜೋಡಿಸಿದರು. ಚಾಕುವನ್ನು ಅರ್ಧ ಬಿಡಿಸಿ ಗುಡಾರದ ಹಾಗೆ ನಿಲ್ಲಿಸಿದರು. ನಾನು ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದೆ. ಗಂಧ, ಅರಿಶಿನ ಕಲಸಿಟ್ಟಿದ್ದರು, ಕುಂಕುಮವನ್ನೂ ನೀರು ಹಾಕಿ ಗಟ್ಟಿಯಾಗಿ. ಅರ್ಧ ಬಿಡಿಸಿದಾಗ ಅಲಗಿನ ಬುಡದ ಕಚ್ಚು ಮೇಲಕ್ಕೆ ಬಂದು ಕಾಣುತ್ತದೆ. ಅತ್ತೆಗೆ ಅದು ಚಂದ ಕಂಡಿತು. "ಬೊಟ್ಟಿಡಕ್ಕೆ ಅಂತಾನೇ ಹಳ್ಳ ಮಾಡಿದಾರೆ ಪುಣ್ಯಾತ್ಮರು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡದ್ದು ನನಗೆ ಕೇಳಿಸಿತು. ಮಾಮ ಆಗ ಸ್ನಾನಕ್ಕೆ ಹೋಗಿದ್ದರು.

ಪೂಜೆಗಿಟ್ಟ ಸಾಮಾನನ್ನು ವಿಜಯದಶಮಿ ಮುಗಿಯುವತನಕ ಮುಟ್ಟುವ ಹಾಗಿಲ್ಲ. ಗಿರಣಿಯೂ ಎರಡು ದಿನ ಮುಚ್ಚಿತ್ತು. ಮಾರನೆಯ ದಿನ ಊರಿನ ಹಿಟ್ಟಿನ ಡಬ್ಬಗಳೆಲ್ಲ ಒಟ್ಟಿಗೆ ಗಿರಣಿಗೆ ಬಂದವು. ಮಾಮ ಸೈಕಲ್ಲಿನಲ್ಲಿ ಗೋಧಿ ಡಬ್ಬ ಹೇರಿಕೊಂಡು ಬಂದಿದ್ದರು, ಅತ್ತೆ ಮತ್ತು ನಾನು ಹಿಂದೆ ನಡೆದು ಬಂದೆವು. ಬೆಳಿಗ್ಗೆ ಮಣೆಯಿಂದ ತೆಗೆದ ಚಾಕು ಎಂದಿನಂತೆ ಮಾಮನ ಜೇಬಿನಲ್ಲಿತ್ತು.

ಹಿಟ್ಟಿನ ಧೂಳು ತಾಳದೆ ಅತ್ತೆ ಸೆರಗನ್ನು ತಲೆಗೆ ಹೊದ್ದು ಕುತ್ತಿಗೆಗೆ ಒಂದು ಸುತ್ತು ಸುತ್ತಿಕೊಂಡಿದ್ದರು. ಡಬ್ಬದ ಮುಚ್ಚಳ ಉರುಳಿ ಬೆಲ್ಟಿನ ಕಡೆಗೆ ಹೋಯಿತು. ಎತ್ತಿಕೊಳ್ಳಲು ಬಗ್ಗಿದರು...

ಬೆಲ್ಟಿನ ಪಟಪಟ ಸದ್ದು ಹೋಗಿ ಏನೋ ಉಸಿರೆಳೆದ ಹಾಗಾಯಿತು. ನಾನು ಗಡಿಯಾರದಿಂದ ಕಣ್ಣು ತೆಗೆದು ನೋಡುವಷ್ಟರಲ್ಲಿ ಸೆರಗಿನ ತುದಿಯನ್ನು ಬೆಲ್ಟು ಚಕ್ರದೊಳಕ್ಕೆ ಎಳೆದುಕೊಂಡಿತ್ತು. ಗಿರಣಿಯವನು ಓಡಿ ಸ್ವಿಚ್ಚು ಆರಿಸಿದ. ಯಂತ್ರ ನಿಂತಿತು. ಆದರೆ ಬಟ್ಟೆ ಹಗ್ಗದಂತೆ ಹುರಿಗೊಂಡು, ಅತ್ತೆಯ ಕೆನ್ನೆಯನ್ನು ಮರದ ಚೌಕಟ್ಟಿಗೆ ಒತ್ತಿ ಹಿಡಿದಿತ್ತು. ಚಕ್ರವನ್ನು ಹಿಂದಕ್ಕೆ ತಿರುಗಿಸಲು ಇಬ್ಬರು ಜಗ್ಗಿದರು. ಬಟ್ಟೆ ಒಳಗೆ ಸಿಕ್ಕಿ ಬಿಗಿದಿತ್ತು, ಚಕ್ರ ಅಲುಗಲಿಲ್ಲ. ಅತ್ತೆಯ ಕಾಲು ನೆಲ ಒದೆಯುತ್ತಿತ್ತು. ಸದ್ದಿರಲಿಲ್ಲ. ಅವರ ಬಾಯಿ ತೆರೆದಿತ್ತು, ಏನೂ ಹೊರಗೆ ಬರುತ್ತಿರಲಿಲ್ಲ.

ಮಾಮ ಚಾಕು ಬಿಡಿಸಿದರು. ಆ ನಿಶ್ಶಬ್ದದಲ್ಲಿ 'ಕಟ್' ಎಂಬ ಸದ್ದು ಬರಲಿಲ್ಲ. ಆಗ ಅದು ನನ್ನ ಗಮನಕ್ಕೆ ಬಂದಿತೋ, ಆಮೇಲೆ ಸಾವಿರ ಸಲ ನೆನೆದು ನೆನೆದು ಬಂದಿತೋ, ಈಗ ಹೇಳಲಾರೆ. ಅತ್ತೆಯ ಗಂಟಲಿಗೆ ತಾಗದ ಹಾಗೆ ಅಲಗನ್ನು ಬಟ್ಟೆಯ ಕೆಳಗಿನಿಂದ ತೂರಿಸಿ ಮೇಲಕ್ಕೆ ಕೊಯ್ದರು. ಅರ್ಧ ಸೀಳಿತು. ಅಲಗು ಬಟ್ಟೆಯ ಹುರಿಯಲ್ಲಿ ಕಚ್ಚಿಕೊಂಡಿತು. ಬಿಡಿಸಿಕೊಳ್ಳಲು ಕೆಳಕ್ಕೆ ಜಗ್ಗಿದರು, ಅಷ್ಟೆ. ಚಾಕು ಅವರದೇ ಬೆರಳುಗಳ ಮೇಲೆ ಮಡಚಿಕೊಂಡಿತು.

ಮಾಮ ಎಡಗೈಯಿಂದ ಅಲಗನ್ನು ಬೆರಳುಗಳಿಂದ ಬಿಡಿಸಿ ಮತ್ತೆ ತೆರೆದರು. ಈ ಸಲ ಹಿಡಿ ಮತ್ತು ಅಲಗಿನ ಬುಡ ಸೇರುವ ಜಾಗವನ್ನೇ ಎರಡೂ ಕೈಯಿಂದ ಅದುಮಿ ಹಿಡಿದು, ಮಡಚಲು ಬಿಡದೆ, ಉಳಿದರ್ಧ ಕೊಯ್ದರು. ಬಟ್ಟೆ ಹರಿದಾಗ ಅತ್ತೆ ಮೂಟೆಯ ಹಾಗೆ ಕೆಳಗೆ ಬಿದ್ದರು. ನೆಲದಲ್ಲಿ ಚೆಲ್ಲಿದ್ದ ಹಿಟ್ಟು ಕೆಂಪಾಗಿ ಮುದ್ದೆಯಾಗುತ್ತಿತ್ತು... ಒಂದು ಉಸಿರು ಬಂತು. ಅದು ಹರಿದ ಗಾಳಿಚೀಲದ ಸದ್ದಿನ ಹಾಗಿತ್ತು. ಅತ್ತೆ ಬದುಕಿದ್ದರು.

ಜನ ಅತ್ತೆಯನ್ನು ಆಟೋಗೆ ಹಾಕುವಾಗ ಮಾಮ ಕೆಳಗೆ ಬಿದ್ದಿದ್ದ ಚಾಕು ಎತ್ತಿಕೊಂಡರು. ಎಡಗೈಯಲ್ಲಿ ಅಲಗನ್ನು ಮೇಲೆ ಕೆಳಗೆ ಒತ್ತಿ ನೋಡಿದರು. ಪಕ್ಕಕ್ಕಲ್ಲ, ಮೇಲೆ ಕೆಳಗೆ. ಆಮೇಲೆ ಕಚ್ಚಿನೊಳಗೆ ಇಣುಕಿದರು. ನಾನೂ ನೋಡಿದೆ. ಅವರು ಚಾಕುವನ್ನು ನೇರ ನನ್ನ ಕೈಗೇ ಕೊಟ್ಟು, "ತೊಳ್ದು ಇಟ್ಕೋ" ಅಂದರು.

ಗಿರಣಿಯ ಹಿಂದಿನ ನಲ್ಲಿಯಲ್ಲಿ ತೊಳೆದೆ. ಕೆಂಪು ನೀರು ಹರಿದು ಹೋಯಿತು, ಕಚ್ಚಿನೊಳಗಿನ ಕೆಂಪು ಮಾತ್ರ ಹೋಗಲಿಲ್ಲ. ಹೇರ್‌ಪಿನ್ನಿನಿಂದ ಕೆದಕಿದಾಗ ಜೋಳದ ಕಾಳಿನಷ್ಟು ಗಟ್ಟಿ ಉಂಡೆಯೊಂದು ಎದ್ದು ಬಂತು. ಹೊರಗೆ ಕೆಂಪು, ಮುರಿದರೆ ಒಳಗೆ ಅರಿಶಿನದ ಹಳದಿ. ಅದು ಹೋದ ಮೇಲೆ ಚಾಕುವನ್ನು ಬಿಡಿಸಿದೆ. 'ಕಟ್' ಎಂದಿತು. ಒತ್ತಿದರೂ ಜಗ್ಗಿದರೂ ಅಲುಗಲಿಲ್ಲ.

ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ಮಾಮ ನನ್ನನ್ನು ಹತ್ತಿರ ಕರೆದರು. ಬಲಗೈಗೆ ಮೊಣಕೈಯವರೆಗೆ ಬಟ್ಟೆ ಸುತ್ತಿತ್ತು.

"ಏನಿತ್ತು?" ಅಂದರು.

"ಕುಂಕುಮ ಮಾಮ."

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

ಬಾಗಿಲ ಕಡೆ ಒಮ್ಮೆ ನೋಡಿದರು. "ರಿವೀಟು ಸಡಿಲ ಆಗಿತ್ತು. ನಾನೇ ಸರಿಯಾಗಿ ಬಡೀಲಿಲ್ಲ. ಗೊತ್ತಾಯ್ತಾ ಕಾಲೇಜು? ಅವಳು ದಿನಾ ದೇವರ ಮುಂದೆ ಕೂರೋಳು. ಕುಂಕುಮದ ಬಟ್ಟಲು ಮುಟ್ಟಿದಾಗೆಲ್ಲ ಇದೇ ಕಣ್ಣಿಗೆ ಬರೋದು ಬೇಡ. ನಂದಾದ್ರೆ ಬರೀ ಬೆರಳು."

ಬರೀ ಬೆರಳಲ್ಲ. ತೋರುಬೆರಳು, ನಡುಬೆರಳು ಮತ್ತೆ ಮಡಚಲೇ ಇಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಹೋಗಿ, ಸಾಮಾನು ಎಣಿಸಿ ಕೊಡುವ ಕಿಟಕಿಯ ಹಿಂದೆ ಕೂರಿಸಿದರು.

ಅವರು ಮನೆಗೆ ಬಂದ ಮೇಲೆ ಜೊತೆ ಕೆಲಸದವರು ನೋಡಲು ಬಂದರು. ಎಲ್ಲರೂ ಕಬ್ಬಿಣದ ಕೆಲಸದವರೇ, ನಾನು ತಿರುಗಿ ಕೊಟ್ಟಿದ್ದ ಚಾಕು ಕೈಯಿಂದ ಕೈಗೆ ಓಡಾಡಿತು. ಒಬ್ಬರು ಸ್ಪ್ರಿಂಗು ಸೋತಿದೆ ಅಂದರು. ಇನ್ನೊಬ್ಬರು ಉಕ್ಕೇ ಸರಿಯಿಲ್ಲ ಅಂದರು. ಅಲಗು ಎಲ್ಲಿಯೂ ಅಲ್ಲಾಡದಿರುವುದು ಅವರಿಗೆ ಒಗಟಾಯಿತು. ಮಾಮ, ತಾನು ಬಡಿದ ರಿವೀಟು ಸಡಿಲವಿತ್ತು, ಆಸ್ಪತ್ರೆಗೆ ಸೇರುವ ಮೊದಲೇ ಪಕ್ಕದವರ ಕೈಲಿ ಬಡಿಸಿದೆ ಎಂದು ಸುಳ್ಳು ಹೇಳಿದರು. ಅಂಥ ಹೊತ್ತಲ್ಲಿ ಯಾರು ಚಾಕು ರಿಪೇರಿ ಮಾಡಿಸುತ್ತಾರೆ ಎಂದು ಯಾರೂ ಕೇಳಲಿಲ್ಲ. ತಮಿಳು ಕಡೆಯ ಹಿರಿಯರೊಬ್ಬರು ನಗಿಸಲೆಂದೇ ಅಂದರು, "ಏನ್ ಸಾಮಿ, ಇಪ್ಪತ್ತು ವರ್ಷ ಫಿಟ್ಟರು, ಒಂದು ರಿವೀಟು ಹೊಡೆಯಕ್ಕೆ ಬರ್ಲಿಲ್ವಾ?" ಎಲ್ಲರೂ ನಕ್ಕರು. ಮಾಮನೂ ನಕ್ಕರು. ಕಾಫಿ ತಂದ ಅತ್ತೆ ಬಾಗಿಲಲ್ಲಿ ನಿಂತು ಆ ಮಾತು ಕೇಳಿಸಿಕೊಂಡರು.

ಅದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಗಂಟಲು ಒಡೆದು ಹೋಗಿ ಅತ್ತೆಯ ದನಿ ಕೊನೆಯತನಕ ಪಿಸುಮಾತಿನ ಹಾಗೇ ಉಳಿಯಿತು. ಆ ಪಿಸುದನಿಯಲ್ಲೇ ಗಂಡನನ್ನು ಆಡಿಕೊಳ್ಳುತ್ತಿದ್ದರು. ಬಚ್ಚಲ ಚಿಲಕ ಕಿತ್ತು ಬಂದರೆ, "ಬಿಡಿ, ನೀವು ಮುಟ್ಬೇಡಿ. ನಿಮ್ಮ ರಿವೀಟಿನ ಕೆಲಸ ನನ್ನ ಕುತ್ತಿಗೆಗೆ ಗೊತ್ತು" ಅನ್ನುತ್ತಿದ್ದರು. ನೆಂಟರು ಬಂದಾಗಲೂ ಅದೇ ಮಾತು. ಬೆರಳು ಹೋದದ್ದನ್ನು ನೆನೆದು ಅಳುತ್ತಿದ್ದುದೂ ಅವರೇ. ಮಾಮ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಅಲ್ಲಿದ್ದಾಗ ಆ ಮಾತು ಬಂದರೆ ಎದ್ದು ಹೊರಗೆ ಹೋಗಿ ಸೈಕಲ್ ಒರೆಸಲು ತೊಡಗುತ್ತಿದ್ದರು. ಕ್ವಾರ್ಟರ್ಸಿನ ಸಾಲಿನಲ್ಲಿ ಮೊದಲು ಮಿಕ್ಸಿ, ಬೀಗ, ಪಂಪ್‌ಸ್ಟೌ ಏನೇ ಕೆಟ್ಟರೂ ಅವರ ಮನೆಗೆ ತರುತ್ತಿದ್ದವರು ತರುವುದು ಬಿಟ್ಟರು. ಕೈ ಸರಿಯಿಲ್ಲವೆಂದು ಬಿಟ್ಟವರು ಕೆಲವರು, ಕೆಲಸದ ಮೇಲೆ ನಂಬಿಕೆ ಹೋಗಿ ಬಿಟ್ಟವರು ಕೆಲವರು.

ನನಗೆ ನಿದ್ದೆಯೇ ಹಾರಿಹೋಗಿತ್ತು. ಕಣ್ಣು ಮುಚ್ಚಿದರೆ ಆ ತೆರೆದ ಬಾಯಿ, ಸದ್ದಿಲ್ಲದ ಚಾಕು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ರಾತ್ರಿ ನಡುವೆ ಎದ್ದು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮಾಮ ಎರಡು ಸಾವಿರನೇ ಇಸವಿಯ ಆಚೀಚೆ ಎದೆನೋವಿನಿಂದ ಹೋದರು. ಕ್ವಾರ್ಟರ್ಸು ಬಿಟ್ಟು ಅತ್ತೆ ಹೊಳೆಹೊನ್ನೂರಿನಲ್ಲಿ ತಮ್ಮನ ಮನೆ ಸೇರಿದರು. ಕೆಲವು ವರ್ಷ ಕಳೆದು ಕಾಯಿಲೆ ಬಿದ್ದಾಗ ನೋಡಲು ಹೋದೆ. ಮಂಚದ ಪಕ್ಕ ಕೂರಿಸಿಕೊಂಡು ನನ್ನ ಕೈ ಹಿಡಿದು ಮಾಮನ ಮಾತೇ ಆಡಿದರು. ಅವರ ಉಸಿರಿಗೆ ಕಿವಿ ಹತ್ತಿರ ಒಯ್ಯಬೇಕಿತ್ತು.

"ನಿಮ್ಮ ಮಾಮ ಒಳ್ಳೇ ಮನುಷ್ಯ ಕಣೇ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಅವ್ರಿಗೆ. ಪಾಪ, ಏನೋ ಕೆಲಸ ನೆಟ್ಟಗೆ ಬರ್ತಿರ್ಲಿಲ್ಲ, ಅಷ್ಟೆ. ಅದ್ಕೆ ಏನ್ ಮಾಡಕ್ಕಾಗುತ್ತೆ... ಕ್ಷಮಿಸಿದೀನಿ ನಾನು."

ಮಾಮ ಸತ್ತಿದ್ದಾರೆ, ಇವರೂ ಹೊರಟಿದ್ದಾರೆ. ಈಗ ಹೇಳಿದರೆ ಮಾಮನ ಹೆಸರಾದರೂ ಉಳಿಯುತ್ತದೆ ಅನ್ನಿಸಿತು. ಮಾತು ನಾಲಗೆಯ ತುದಿಗೆ ಬಂತು. ಅತ್ತೆಯ ದಿಂಬಿನ ಹತ್ತಿರ ದೇವರ ಸಣ್ಣ ಪಟವಿತ್ತು. ಅವತ್ತು ಬೆಳಿಗ್ಗೆ ಮಂಚದಲ್ಲಿ ಮಲಗಿಕೊಂಡೇ ಅದಕ್ಕೆ ಕುಂಕುಮದ ಬೊಟ್ಟಿಟ್ಟಿದ್ದರು. ಗುರುತು ಇನ್ನೂ ಹಸಿಯಾಗಿತ್ತು.

"ಹೌದತ್ತೆ" ಅಂದೆ. "ಮಾಮನಿಗೆ ಕೆಲಸ ಬರ್ತಿರ್ಲಿಲ್ಲ."

ಅತ್ತೆ ನಕ್ಕರು. ಅದೇ ವಾರ ಹೋದರು.

ಅವರ ಮಣ್ಣು ಮುಗಿಸಿ, ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು, ತಲೆಗೆ ನೀರು ಹಾಕಿಕೊಂಡು ಮಲಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಗಿರಣಿಯ ಆ ಮಧ್ಯಾಹ್ನದ ನಂತರ ನಡುವೆ ಎದ್ದು ಕೂರದೆ ಬೆಳಗು ಮಾಡಿದ್ದು ಅದೇ ಮೊದಲು. ನೆಮ್ಮದಿಯಿಂದ ಬಂದ ನಿದ್ದೆ ಅದು ಎಂದು ಹೇಳಲಾರೆ. ಅತ್ತೆಯಿಂದ ಮುಚ್ಚಿಟ್ಟು ಕಾಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಹಾಸಿಗೆಯಲ್ಲೇ ಕೂತು ಯೋಚಿಸಿದೆ: ಇನ್ನು ಮಾಮನನ್ನು ಆಡಿಕೊಳ್ಳುವವರು ಯಾರೂ ಇಲ್ಲ. ಅವರು ಕೆಲಸ ಬಲ್ಲವರಾಗಿದ್ದರು ಎಂದು ತಿಳಿದವರೂ ನನ್ನ ಹೊರತು ಯಾರೂ ಇಲ್ಲ.